ಸೈಕಲ್ ಸವಾರನಿಗೆ ನಕ್ಷೆ ಬೇಕೇ?



ಕಳೆದ ವರ್ಷದ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಮಗನ ಅಂಕಪಟ್ಟಿ ನೋಡಿ ಮುಗಿಸಿದ ಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ. "ಟೀಚರ್, ನಿಮ್ಮ ಮನೆಯವರು ಸೈಕಲ್ ಹೊಡೆಯುತ್ತಾರಲ್ಲ, ಒಂದು ವಿಷಯ ಕೇಳಬೇಕಿತ್ತು" ಎಂದರು. ಒಂಬತ್ತನೆಯ ತರಗತಿಯಲ್ಲಿರುವ ಅವರ ಮಗನಿಗೆ ಹುಟ್ಟುಹಬ್ಬಕ್ಕೆ ಜಿಪಿಎಸ್ ಸೈಕಲ್ ಕಂಪ್ಯೂಟರ್ ಬೇಕಂತೆ. ಅಂಗಡಿಯಲ್ಲಿ ಎರಡು ಬಗೆ ತೋರಿಸಿದರಂತೆ. ಒಂದರಲ್ಲಿ ಮ್ಯಾಪ್ ಇದೆ, ಇನ್ನೊಂದರಲ್ಲಿ ಇಲ್ಲ. ಮ್ಯಾಪ್ ಇರುವುದರ ಬೆಲೆ ಇನ್ನೊಂದರ ಎರಡು ಪಟ್ಟಿಗೂ ಮೇಲೆ. "ಮ್ಯಾಪ್ ಇಲ್ಲದ ಜಿಪಿಎಸ್ ತೆಗೆದುಕೊಂಡು ಏನು ಪ್ರಯೋಜನ ಅಪ್ಪಾ ಅಂತಾನೆ. ಹೌದಾ ಟೀಚರ್?" ಎಂದು ಕೇಳಿದರು.

ನಾನು ಕನ್ನಡ ಪಾಠ ಮಾಡುವವಳು. ಸಂಧಿ, ಸಮಾಸ ಕೇಳಿದರೆ ಥಟ್ಟನೆ ಹೇಳುತ್ತಿದ್ದೆ. "ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ ಸರ್" ಎಂದು ಕಳಿಸಿದೆ. ಅದಾಗಿ ಎರಡೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ ಆ ಪ್ರಶ್ನೆ ನಾನೆಣಿಸಿದಷ್ಟು ಚಿಕ್ಕದಲ್ಲ ಎಂದು ತಿಳಿಯಿತು. ಮಕ್ಕಳಿಗೂ ಹಿರಿಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಜಿಪಿಎಸ್ ಎಂದರೆ ನಕ್ಷೆಯಲ್ಲ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳೋಣ. ಜಿಪಿಎಸ್ ಎಂದರೆ ಮ್ಯಾಪ್ ಎಂದೇ ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವದಲ್ಲಿ ಇವೆರಡೂ ಬೇರೆ ಬೇರೆ.

ಗ್ಲೋಬಲ್ ಪೊಸಿಷನಿಂಗ್ ಸಿಸ್ಟಂ ಎಂಬುದು ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಇದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ, ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು ಸುತ್ತುತ್ತಾ "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂಬ ಸಂಕೇತವನ್ನು ಸದಾ ಕಳಿಸುತ್ತಿರುತ್ತವೆ. ಆ ಸಂಕೇತ ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ನೆತ್ತಿಯ ಮೇಲಿರುವ ಉಪಗ್ರಹದಿಂದ ನಮ್ಮ ಸೈಕಲ್ಲಿನವರೆಗೆ ಬರಲು ಅದಕ್ಕೆ ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಸಮಯ ಸಾಕು. ಸಂಕೇತ ಎಷ್ಟು ಹೊತ್ತು ಪ್ರಯಾಣ ಮಾಡಿತು ಎಂಬುದರಿಂದ ಉಪಗ್ರಹ ಎಷ್ಟು ದೂರವಿದೆ ಎಂದು ಯಂತ್ರ ಲೆಕ್ಕ ಹಾಕುತ್ತದೆ.

ಮೂರು ಉಪಗ್ರಹಗಳ ದೂರ ಗೊತ್ತಾದರೆ ಜಾಗ ಗೊತ್ತಾಗಬೇಕು. ಆದರೆ ನಮ್ಮ ಪುಟ್ಟ ಯಂತ್ರದ ಗಡಿಯಾರ ಉಪಗ್ರಹದ ಗಡಿಯಾರದಷ್ಟು ನಿಖರವಲ್ಲ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ಹೆಚ್ಚುಕಡಿಮೆಯಾಗುತ್ತದೆ. ಆ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹ ಬೇಕು. ಹೀಗೆ ನಾಲ್ಕು ಸಾಕ್ಷಿಗಳನ್ನು ವಿಚಾರಿಸಿ ಯಂತ್ರವು ತನ್ನ ಅಕ್ಷಾಂಶ ಮತ್ತು ರೇಖಾಂಶಗಳನ್ನು ಕಂಡುಕೊಳ್ಳುತ್ತದೆ.

2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ದೋಷ ಸೇರಿಸುತ್ತಿತ್ತು. ಆಗ ಲೆಕ್ಕ ಸುಮಾರು 100 ಮೀಟರಿನಷ್ಟು ತಪ್ಪುವ ಸಾಧ್ಯತೆ ಇತ್ತು. ಅದನ್ನು ನಿಲ್ಲಿಸಿದ ಮೇಲೆ ತೆರೆದ ಆಕಾಶದ ಕೆಳಗೆ ಕೆಲವೇ ಮೀಟರುಗಳಷ್ಟು ನಿಖರವಾಗಿ ನಮ್ಮ ಜಾಗ ತಿಳಿಯುತ್ತದೆ. ಈಗಿನ ಯಂತ್ರಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಉಪಗ್ರಹಗಳನ್ನೂ ಆಲಿಸುತ್ತವೆ.

ಇಷ್ಟೆಲ್ಲಾ ಆದ ಮೇಲೆ ನಮ್ಮ ಕೈಗೆ ಸಿಗುವುದೇನು? ಕೆಲವು ಅಂಕಿಗಳು ಮಾತ್ರ. ದುಬೈನಲ್ಲಿ ನಿಂತರೆ ಸುಮಾರು 25 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವ ಎಂಬಂತೆ. ಅಲ್ಲಿ ರಸ್ತೆ ಇದೆಯೋ, ಮರಳಿದೆಯೋ, ಮಸೀದಿ ಇದೆಯೋ ಎಂಬುದು ಉಪಗ್ರಹದ ಸಂಕೇತದಲ್ಲಿ ಇರುವುದಿಲ್ಲ.

ನಕ್ಷೆ ಎಲ್ಲಿಂದ ಬರುತ್ತದೆ?

ರಸ್ತೆ, ಅಂಗಡಿ, ಹಳ್ಳ, ದಿಣ್ಣೆಗಳನ್ನು ತೋರಿಸುವ ನಕ್ಷೆಯನ್ನು ಮನುಷ್ಯರು ಬೇರೆಯಾಗಿ ತಯಾರಿಸಿ ಯಂತ್ರದ ನೆನಪಿನಲ್ಲಿ ಇಟ್ಟಿರುತ್ತಾರೆ. ಯಂತ್ರವು ಉಪಗ್ರಹದಿಂದ ತಿಳಿದ ಅಂಕಿಗಳನ್ನು ಆ ನಕ್ಷೆಯ ಮೇಲೆ ಒಂದು ಚುಕ್ಕೆಯಾಗಿ ಇಡುತ್ತದೆ. ಚುಕ್ಕೆ ಆಕಾಶದ್ದು, ನಕ್ಷೆ ನೆಲದ್ದು ಎಂದು ನೆನಪಿಟ್ಟುಕೊಂಡರೆ ಸಾಕು.

ಸೈಕಲ್ ಕಂಪ್ಯೂಟರುಗಳ ಅನೇಕ ನಕ್ಷೆಗಳಿಗೆ ಆಧಾರ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಅವರು ಆರಂಭಿಸಿದ ಈ ನಕ್ಷೆಯನ್ನು ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಊರಿನ ರಸ್ತೆಗಳನ್ನು ಸೇರಿಸುತ್ತಾ ಬೆಳೆಸುತ್ತಿದ್ದಾರೆ. ಹತ್ತು ಜನ ಕೂಡಿ ಬಾವಿ ತೋಡಿದಂತೆ ಇದು ಎಲ್ಲರ ಸ್ವತ್ತು. ಆದರೆ ಒಂದು ಮಾತು. ಇಲ್ಲಿ ಕೊಲ್ಲಿ ದೇಶಗಳಲ್ಲಿ ಹೊಸ ರಸ್ತೆಗಳು ಬೇಗ ಬೇಗ ಆಗುತ್ತವೆ, ಹಳೆಯವು ಮುಚ್ಚುತ್ತವೆ. ಯಂತ್ರದೊಳಗಿನ ನಕ್ಷೆಯನ್ನು ಆಗಾಗ ಹೊಸದು ಮಾಡಿಕೊಳ್ಳದಿದ್ದರೆ ಅದು ಹಳೆಯ ಪಂಚಾಂಗ ನೋಡಿ ಹಬ್ಬ ಮಾಡಿದಂತಾಗುತ್ತದೆ.

ನಕ್ಷೆ ಇಲ್ಲದ ಯಂತ್ರ ಏನು ಮಾಡುತ್ತದೆ?

ಜಿಪಿಎಸ್ ಬರುವ ಮೊದಲೇ ಸೈಕಲ್ಲಿಗೆ ವೇಗ ಅಳೆಯುವ ಸಾಧನಗಳಿದ್ದವು. ಚಕ್ರದ ಕಡ್ಡಿಗೆ ಒಂದು ಚಿಕ್ಕ ಅಯಸ್ಕಾಂತ ಕಟ್ಟಿ ಅದು ಎಷ್ಟು ಸಲ ಸುತ್ತಿತು ಎಂದು ಎಣಿಸುವುದು ಅದರ ಕೆಲಸ. ಚಕ್ರದ ಸುತ್ತಳತೆ 2.1 ಮೀಟರ್ ಇದ್ದರೆ ಸುಮಾರು 476 ಸುತ್ತಿಗೆ ಒಂದು ಕಿಲೋಮೀಟರ್. ಮಕ್ಕಳೇ, ನಿಮ್ಮ ಸೈಕಲ್ಲಿನ ಚಕ್ರಕ್ಕೆ ದಾರ ಸುತ್ತಿ ಅಳೆದು ನೀವೂ ಈ ಲೆಕ್ಕ ಮಾಡಿ ನೋಡಬಹುದು.

ಗಾರ್ಮಿನ್ ಕಂಪನಿ 2005ರಲ್ಲಿ ಎಡ್ಜ್ 205 ಮತ್ತು 305 ಎಂಬ ಸೈಕಲ್ ಕಂಪ್ಯೂಟರುಗಳನ್ನು ಪ್ರಕಟಿಸಿದಾಗ ಅವುಗಳಲ್ಲಿ ಜಿಪಿಎಸ್ ಇತ್ತು, ರಸ್ತೆಯ ನಕ್ಷೆ ಇರಲಿಲ್ಲ. ಕೆಲವು ವರ್ಷಗಳ ನಂತರದ ಎಡ್ಜ್ 705ರಲ್ಲಿ ನಕ್ಷೆಯೂ ಬಂತು. ಇಂದಿಗೂ ಎರಡೂ ಬಗೆಯವು ಮಾರುಕಟ್ಟೆಯಲ್ಲಿವೆ.

ನಕ್ಷೆ ಇಲ್ಲದ ಯಂತ್ರ ವೇಗ, ದೂರ, ಸಮಯ, ಏರಿದ ಎತ್ತರಗಳನ್ನು ತೋರಿಸುತ್ತದೆ. ನಾವು ಬಂದ ದಾರಿಯನ್ನು ಖಾಲಿ ಪರದೆಯ ಮೇಲೆ ಒಂದು ಗೆರೆಯಾಗಿ ಬರೆಯುತ್ತದೆ. ಜರ್ಮನಿಯ ಜನಪದ ಕಥೆಯಲ್ಲಿ ಕಾಡಿಗೆ ಹೋದ ಅಣ್ಣ ತಂಗಿ ದಾರಿಯುದ್ದಕ್ಕೂ ರೊಟ್ಟಿಯ ಚೂರು ಚೆಲ್ಲುತ್ತಾ ಹೋದರಲ್ಲ, ಹಾಗೆ. ಇಂಗ್ಲಿಷಿನಲ್ಲಿ ಈ ಗೆರೆಯನ್ನು 'ಬ್ರೆಡ್‌ಕ್ರಂಬ್' ಎಂದೇ ಕರೆಯುತ್ತಾರೆ. ನಾವು 'ಜಾಡು' ಎನ್ನೋಣ. ಹಲವು ಯಂತ್ರಗಳಲ್ಲಿ ಮನೆಯಲ್ಲೇ ಕಂಪ್ಯೂಟರಿನಲ್ಲಿ ಗೊತ್ತುಮಾಡಿದ ದಾರಿಯನ್ನು ಮೊದಲೇ ತುಂಬಿಸಿಡಬಹುದು. ಆಗ ಆ ಜಾಡಿನ ಮೇಲೆ ನಮ್ಮ ಚುಕ್ಕೆ ಸಾಗುತ್ತದೆ. ತಿರುವುಗಳ ಸೂಚನೆಯನ್ನು ದಾರಿಯ ಜೊತೆಗೇ ತುಂಬಿಸಿದ್ದರೆ ನಕ್ಷೆ ಇಲ್ಲದಿದ್ದರೂ "ಮುಂದೆ ಎಡಕ್ಕೆ" ಎಂದು ಹೇಳುವ ಯಂತ್ರಗಳಿವೆ. ಜಾಡು ಬಿಟ್ಟರೆ "ದಾರಿ ತಪ್ಪಿದ್ದೀರಿ" ಎಂದು ಕೂಗಿ ಎಚ್ಚರಿಸುತ್ತವೆ.

ಆದರೆ ತಪ್ಪಿದ ಮೇಲೆ ಯಾವ ರಸ್ತೆಯಲ್ಲಿ ಹೋಗಿ ಸೇರಿಕೊಳ್ಳಬೇಕು, ಹತ್ತಿರದಲ್ಲಿ ನೀರು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನಕ್ಷೆ ಇರುವ ಯಂತ್ರಕ್ಕೆ ಅಕ್ಕಪಕ್ಕದ ರಸ್ತೆಗಳೂ ಗೊತ್ತು. ಅದು ಹೊಸ ದಾರಿ ಹುಡುಕಿ ಕೊಡಬಲ್ಲದು. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಇದು. ಪುಸ್ತಕದಲ್ಲಿ ಓದಿದರೆ ಇದು ಒಂದು ಸಾಲಿನ ವಿಷಯ. ನಮ್ಮ ಮನೆಯವರಿಗೆ ಅದು ಬಿಸಿಲಿನಲ್ಲಿ ತಿಳಿಯಿತು.

ಆ ಶನಿವಾರ

ನಮ್ಮವರು ಮತ್ತು ಎಂಟನೆಯ ತರಗತಿಯ ನನ್ನ ಮಗ ಶನಿವಾರ ಬೆಳಗಿನ ಜಾವ ಸೈಕಲ್ ಸವಾರಿಗೆ ಹೋಗುವುದು ವಾಡಿಕೆ. ಸಾಮಾನ್ಯವಾಗಿ ಅಲ್ ಕುದ್ರಾ ಸೈಕಲ್ ಪಥಕ್ಕೆ ಹೋಗುತ್ತಾರೆ. ಏಪ್ರಿಲ್ ಕೊನೆಯ ಆ ಶನಿವಾರ ಮಾತ್ರ "ದಿನಾ ಅದೇ ದಾರಿ ಬೇಸರ" ಎಂದು ನಗರದ ಹೊರಗೆ ಇನ್ನೂ ಕಾಮಗಾರಿ ಮುಗಿಯದ ಒಂದು ಹೊಸ ರಸ್ತೆಯ ಕಡೆ ಹೊರಟರು. ಮಗನ ಸೈಕಲ್ಲಿನಲ್ಲಿದ್ದದ್ದು ನಕ್ಷೆ ಇಲ್ಲದ ಯಂತ್ರ. ನಮ್ಮವರು ಮೊಬೈಲ್ ಫೋನನ್ನೇ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಅದರಲ್ಲಿ ಮ್ಯಾಪ್ ನೋಡುತ್ತಿದ್ದರು.

ಸುಮಾರು ಒಂಬತ್ತು ಗಂಟೆಗೆ, ಕಾರು ನಿಲ್ಲಿಸಿದ ಜಾಗದಿಂದ 16 ಕಿ.ಮೀ. ದೂರದಲ್ಲಿ, ಫೋನ್ ಬಿಸಿಲಿಗೆ ಕಾದು ಪರದೆ ಆರಿಹೋಯಿತು. ತಣ್ಣಗಾಗುವವರೆಗೆ ಕೆಲಸ ಮಾಡುವುದಿಲ್ಲ ಎಂಬ ಸೂಚನೆ ಮಾತ್ರ ಬಂತು. ನೆರಳೇ ಇಲ್ಲದಲ್ಲಿ ಅದು ತಣ್ಣಗಾಗುವುದು ಎಲ್ಲಿಂದ? ಎದುರಿಗೆ ರಸ್ತೆ ಎರಡಾಗಿ ಕವಲೊಡೆದಿತ್ತು. ನಾಲ್ಕೂ ಕಡೆ ಒಂದೇ ತರಹದ ಮರಳು, ಒಂದೇ ತರಹದ ಬೇಲಿ. ಇಬ್ಬರ ಬಳಿ ಸೇರಿ ಒಂದು ಬಾಟಲಿ ನೀರು ಉಳಿದಿತ್ತು.

ಮಗ ತನ್ನ ಯಂತ್ರದ ಜಾಡನ್ನು ತೋರಿಸಿ "ಬಂದ ದಾರಿಯಲ್ಲೇ ವಾಪಸ್ ಹೋಗೋಣ ಅಪ್ಪಾ" ಎಂದನಂತೆ. ಹಾಗೆಯೇ ಹೊರಟರು. ಜಾಡು ಒಂದು ಕಡೆಯೂ ತಪ್ಪು ಹೇಳಲಿಲ್ಲ. ಆದರೆ ಎದುರು ಗಾಳಿ, ಏರುತ್ತಿದ್ದ ಬಿಸಿಲು. ಹತ್ತು ಕಿಲೋಮೀಟರ್ ಬರುವಷ್ಟರಲ್ಲಿ ನೀರು ಮುಗಿಯಿತು. ಮಗನಿಗೆ ತಲೆ ಸುತ್ತಿ ವಾಂತಿಯಾಯಿತು. ಕಟ್ಟಡ ಕಟ್ಟುತ್ತಿದ್ದ ಒಂದು ಜಾಗದ ಕಾವಲುಗಾರ ಅವರನ್ನು ತನ್ನ ಕೋಣೆಯೊಳಗೆ ಕೂರಿಸಿ, ನೀರು ಕೊಟ್ಟು, ತನ್ನ ಫೋನಿನಿಂದ ನನಗೆ ಕರೆ ಮಾಡಿಸಿದ. ನಾನು ಪಕ್ಕದ ಮನೆಯವರ ಕಾರಿನಲ್ಲಿ ಹೋಗಿ ಕರೆತಂದೆ. ಆ ಮಹಾನುಭಾವನ ಹೆಸರು ಕೇಳಲೂ ಆ ಗಾಬರಿಯಲ್ಲಿ ನಮಗೆ ತೋಚಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಅಂದು ನಿಜವಾಯಿತು.

ಸಂಜೆ ಮಗ ಸುಧಾರಿಸಿಕೊಂಡ ಮೇಲೆ ಮೂವರೂ ಕಂಪ್ಯೂಟರಿನಲ್ಲಿ ಆ ಪ್ರದೇಶದ ನಕ್ಷೆ ತೆರೆದು ನೋಡಿದೆವು. ಅವರು ಹಿಂತಿರುಗಿದ ಆ ಕವಲಿನಲ್ಲಿ ಬಲಕ್ಕೆ ಹೋಗಿದ್ದರೆ ಮೂರೇ ಕಿಲೋಮೀಟರಿಗೆ ಒಂದು ಪೆಟ್ರೋಲ್ ಬಂಕ್, ಅದರಲ್ಲಿ ಅಂಗಡಿ ಇತ್ತು. ಮೂರು ಕಿಲೋಮೀಟರಿನಲ್ಲಿ ನೀರು, ನೆರಳು ಎರಡೂ ಇದ್ದಾಗ ಇವರು ಹದಿನಾರು ಕಿಲೋಮೀಟರಿನ ದಾರಿ ಹಿಡಿದಿದ್ದರು.

ಜಾಡಿನದು ತಪ್ಪಲ್ಲ. ಬಂದ ದಾರಿ ಯಾವುದು ಎಂದು ಕೇಳಿದರು, ಅದು ಹೇಳಿತು. ಹತ್ತಿರದ ನೀರು ಎಲ್ಲಿ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ.

ನಮ್ಮವರು "ನಾಳೆಯೇ ಮ್ಯಾಪ್ ಇರುವುದನ್ನು ಕೊಳ್ಳೋಣ" ಎಂದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಇದನ್ನೇ ನಿನ್ನೆ ರಾತ್ರಿ ನೋಡಿದ್ದರೆ ಸಾಕಿತ್ತಲ್ವಾ?" ಎಂದ. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಈ ಲೇಖನಕ್ಕೆ ಮೂಲ ಆ ಮಾತು.

ನಕ್ಷೆ ಯಾರಿಗೆ ಬೇಡ?

ಗೊತ್ತಿರುವ ದಾರಿಯಲ್ಲಿ ಹೋಗುವವರಿಗೆ ಹ್ಯಾಂಡಲ್ಲಿನ ಮೇಲೆ ನಕ್ಷೆ ಬೇಡ. ಅಲ್ ಕುದ್ರಾದ ಮರುಭೂಮಿಯ ಸುತ್ತು ಸುಮಾರು 50 ಕಿ.ಮೀ. ಉದ್ದವಿದೆ. ಅದು ಸೈಕಲ್ಲಿಗೆಂದೇ ಮಾಡಿದ ಡಾಂಬರು ಪಥ. ಹಿಡಿದ ದಾರಿಯಲ್ಲಿ ಹೋದರೆ ಹೊರಟಲ್ಲಿಗೇ ಬರುತ್ತೇವೆ. ಅಲ್ಲಿ ನಮಗೆ ತಿಳಿಯಬೇಕಾದದ್ದು ಎಷ್ಟು ದೂರ ಬಂದೆ, ಎಷ್ಟು ಹೊತ್ತಾಯಿತು, ನೀರು ಕುಡಿದು ಎಷ್ಟು ಹೊತ್ತಾಯಿತು ಎಂಬಷ್ಟೇ. ಹತ್ತಾದಲ್ಲಿ ಬೆಟ್ಟದ ಸೈಕಲ್ ದಾರಿಗಳಿಗೆ ಕಷ್ಟಕ್ಕೆ ತಕ್ಕಂತೆ ಹಸಿರು, ನೀಲಿ, ಕೆಂಪು ಎಂದು ಬಣ್ಣಗಳ ಗುರುತು ಹಾಕಿದ್ದಾರೆ. ಗುರುತು ಓದಲು ಬಂದರೆ ಸಾಕು. ಬಡಾವಣೆಯೊಳಗೆ ಸಂಜೆ ಸೈಕಲ್ ಹೊಡೆಯುವ ಮಕ್ಕಳಿಗಂತೂ ನಕ್ಷೆಯ ಮಾತೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಯಂತ್ರದ ಪರದೆ ಅಂಗೈಗಿಂತ ಚಿಕ್ಕದು. ರಸ್ತೆ ಕಾಣುವಷ್ಟು ಹಿಗ್ಗಿಸಿದರೆ ಅಕ್ಕಪಕ್ಕದ ಬೀದಿ ಮಾತ್ರ ಕಾಣುತ್ತದೆ, ಊರು ಕಾಣುವಷ್ಟು ಕುಗ್ಗಿಸಿದರೆ ರಸ್ತೆಗಳ ಹೆಸರು ಕಾಣುವುದಿಲ್ಲ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಎರಡು ಸೆಕೆಂಡ್ ಪರದೆ ನೋಡಿದರೆ ಅಷ್ಟರಲ್ಲಿ ಸೈಕಲ್ 14 ಮೀಟರ್ ಮುಂದೆ ಹೋಗಿರುತ್ತದೆ. ಆ 14 ಮೀಟರಿನಲ್ಲಿ ಒಂದು ಮಗು ಅಡ್ಡ ಬರಬಹುದು, ಒಂದು ಗುಂಡಿ ಇರಬಹುದು. ನಕ್ಷೆ ನೋಡಬೇಕಾದರೆ ಸೈಕಲ್ ಬದಿಗೆ ನಿಲ್ಲಿಸಿಯೇ ನೋಡಬೇಕು. ಹೇಗೂ ನಿಲ್ಲಿಸಬೇಕು ಎಂದ ಮೇಲೆ, ಅನೇಕರಿಗೆ ಜೇಬಿನಲ್ಲಿರುವ ಫೋನಿನ ದೊಡ್ಡ ಪರದೆಯೇ ಹೆಚ್ಚು ಅನುಕೂಲ.

ನಕ್ಷೆ ಯಾರಿಗೆ ಬೇಕು?

ಗೊತ್ತಿಲ್ಲದ ಊರಿನಲ್ಲಿ, ಕವಲುಗಳು ಹೆಚ್ಚಿರುವ ದಾರಿಯಲ್ಲಿ, ದೂರದ ಸವಾರಿಗೆ, ಅದರಲ್ಲೂ ಒಬ್ಬರೇ ಹೋಗುವವರಿಗೆ ನಕ್ಷೆ ಇರುವ ಯಂತ್ರ ನಿಜವಾಗಿ ಉಪಕಾರಿ. ದಾರಿ ಮುಚ್ಚಿದ್ದರೆ ಬದಲಿ ದಾರಿ ಬೇಕು. ಚಕ್ರ ಪಂಕ್ಚರ್ ಆದರೆ, ಮಳೆ ಬಂದರೆ, ಮೈ ಹುಷಾರು ತಪ್ಪಿದರೆ ಹತ್ತಿರದ ಊರು ತಿಳಿಯಬೇಕು. ಆಗ ಹೆಚ್ಚು ಕೊಟ್ಟ ಹಣ ಸಾರ್ಥಕವಾಗುತ್ತದೆ.

ಹಾಗೆಂದು ನಕ್ಷೆಯಿಲ್ಲದೆ ದೂರ ಹೋಗಲಾಗದು ಎಂದೇನೂ ಇಲ್ಲ. ಫ್ರಾನ್ಸಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಸವಾರಿ 1891ರಲ್ಲಿ ಆರಂಭವಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1,200 ಕಿ.ಮೀ. ದೂರವನ್ನು ಹೆಚ್ಚೆಂದರೆ 90 ಗಂಟೆಯಲ್ಲಿ ಕ್ರಮಿಸಬೇಕು. ಇದೇ ಪರಂಪರೆಯ 200 ಕಿ.ಮೀ. ಸವಾರಿಗಳು ನಮ್ಮ ಬೆಂಗಳೂರಿನಿಂದಲೂ ನಡೆಯುತ್ತವೆ. ಅವನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಇಂಥ ಸವಾರರು ಜಿಪಿಎಸ್ ಬರುವ ಮುಂಚಿನಿಂದಲೂ ಒಂದು ಹಾಳೆಯನ್ನು ಆಧಾರವಾಗಿಟ್ಟುಕೊಂಡವರು. ಎಷ್ಟನೆಯ ಕಿಲೋಮೀಟರಿನಲ್ಲಿ ಯಾವ ವೃತ್ತ, ಎಡಕ್ಕೋ ಬಲಕ್ಕೋ ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ದೂರ ತೋರಿಸುವ ಯಂತ್ರವೊಂದು, ಈ ಹಾಳೆಯೊಂದು ಇದ್ದರೆ ರಾತ್ರಿಯಿಡೀ ಹೋಗಬಹುದು. ಹಾಳೆಗೆ ಬ್ಯಾಟರಿ ಬೇಡ, ಬಿಸಿಲಿಗೆ ಅದು ಆರಿಹೋಗುವುದೂ ಇಲ್ಲ.

ಫೋನ್ ಒಂದೇ ಸಾಲದೇ?

ಸಾಲುತ್ತದೆ, ಆದರೆ ಅದರ ಮಿತಿ ತಿಳಿದಿರಬೇಕು. ಫೋನಿನ ನಕ್ಷೆ ಸಾಮಾನ್ಯವಾಗಿ ಇಂಟರ್‌ನೆಟ್ಟಿನಿಂದ ಬರುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಚುಕ್ಕೆ ಮಾತ್ರ ಇರುತ್ತದೆ, ಸುತ್ತಲಿನ ಚಿತ್ರ ಬರುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು ಎಂಬುದು ಈಗ ನಿಮಗೆ ಅರ್ಥವಾಗಿರಬೇಕು. ಆದ್ದರಿಂದ ಹೋಗುವ ಪ್ರದೇಶದ ನಕ್ಷೆಯನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಟ್ಟುಕೊಳ್ಳಬೇಕು. ಇನ್ನು ಫೋನಿನ ಪರದೆಯನ್ನು ಸದಾ ಬೆಳಗಿಸಿಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ, ನಡುಹಗಲಿನಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ, ಬಿಸಿಲಿಗೆ ಅದು ಕಾಯುತ್ತದೆ. ಹಲವು ಸೈಕಲ್ ಕಂಪ್ಯೂಟರುಗಳ ಪರದೆಯಾದರೋ ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಕಾಣುವಂಥದ್ದು, ಗಂಟೆಗಟ್ಟಲೆ ಬಾಳುತ್ತದೆ. ಹಾಗಾಗಿ ಜಾಡು ಹ್ಯಾಂಡಲ್ಲಿನ ಮೇಲೆ, ನಕ್ಷೆ ತಣ್ಣಗೆ ಚೀಲದೊಳಗೆ ಎಂಬುದು ಅನೇಕರಿಗೆ ಒಗ್ಗುವ ಏರ್ಪಾಡು. ನಮ್ಮವರು ಅಂದು ಫೋನನ್ನು ಹ್ಯಾಂಡಲ್ಲಿಗೆ ಸಿಕ್ಕಿಸದೆ ಚೀಲದಲ್ಲಿಟ್ಟಿದ್ದರೆ ಬಹುಶಃ ಆ ಪೆಟ್ರೋಲ್ ಬಂಕ್ ಕಣ್ಣಿಗೆ ಬೀಳುತ್ತಿತ್ತು.

ತಲೆಯೊಳಗಿನ ನಕ್ಷೆ

ಮಗನ ಮಾತು ನನ್ನನ್ನು ತರಗತಿಯವರೆಗೂ ಹಿಂಬಾಲಿಸಿತು. ಮುಂದಿನ ವಾರ ಏಳನೆಯ ತರಗತಿಯ ಮಕ್ಕಳಿಗೆ ಒಂದು ಚಟುವಟಿಕೆ ಕೊಟ್ಟೆ. ಮನೆಯಿಂದ ಶಾಲೆಗೆ ಬರುವ ದಾರಿಯ ಚಿತ್ರ ಬರೆದು, ಹೊಸಬರೊಬ್ಬರಿಗೆ ಆ ದಾರಿಯನ್ನು ಕನ್ನಡದಲ್ಲಿ ವಿವರಿಸಬೇಕು. ದಿನವೂ ಶಾಲಾ ಬಸ್ಸಿನಲ್ಲಿ ಅದೇ ದಾರಿಯಲ್ಲಿ ಬರುವ ಮಕ್ಕಳು ಪೆನ್ಸಿಲ್ ಹಿಡಿದು ಕುಳಿತೇ ಇದ್ದರು. "ಟೀಚರ್, ಲೊಕೇಶನ್ ಕಳಿಸಿದರೆ ಆಗಲ್ವಾ?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಗನನ್ನು ಕಾವಲುಗಾರನ ಕೋಣೆಯಲ್ಲಿ ಕಂಡ ನೆನಪು ಇನ್ನೂ ಹಸಿಯಾಗಿತ್ತು.

ದಾರಿ ಹೇಳಲು ನಮ್ಮ ಭಾಷೆಯಲ್ಲಿ ಎಷ್ಟೊಂದು ಮಾತುಗಳಿವೆ! ಮೂಡಣ, ಪಡುವಣ, ತೆಂಕಣ, ಬಡಗಣ. ಕರಾವಳಿಯ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳ ಹೆಸರಿನಲ್ಲೂ ದಿಕ್ಕೇ ಇದೆ. ದೂರಕ್ಕೆ ಕೂಗಳತೆ, ಹರದಾರಿ, ಗಾವುದ. ನಮ್ಮ ಮಲೆನಾಡಿನ ಊರಿನಲ್ಲಿ ಅಜ್ಜ ದಾರಿ ಹೇಳುವಾಗ "ಆಲದಮರ ಬಲಕ್ಕೆ ಬಿಟ್ಟು, ಹಳ್ಳ ದಾಟಿ, ಏರು ಹತ್ತು" ಎನ್ನುತ್ತಿದ್ದರು. ಕೇಳಿದವನ ತಲೆಯಲ್ಲಿ ನಕ್ಷೆ ತಾನಾಗಿ ಮೂಡುತ್ತಿತ್ತು. ನಾವೀಗ ಇರುವ ಈ ನಾಡಿನವರೂ ದಾರಿ ಕಾಣುವುದರಲ್ಲಿ ಹೆಸರಾದವರೇ. ಈಗಿನ ರಾಸ್ ಅಲ್ ಖೈಮಾದ ಜುಲ್ಫಾರಿನವನಾದ ಅಹ್ಮದ್ ಇಬ್ನ್ ಮಾಜಿದ್ 15ನೆಯ ಶತಮಾನದಲ್ಲಿ ನಕ್ಷತ್ರ, ಗಾಳಿ, ದಡಗಳನ್ನು ನೋಡಿ ಹಿಂದೂ ಮಹಾಸಾಗರದಲ್ಲಿ ಹಡಗು ನಡೆಸುವ ವಿದ್ಯೆಯನ್ನು ಗ್ರಂಥವಾಗಿ ಬರೆದಿಟ್ಟ.

ಇದು ಬರೀ ಹಳೆಯ ಕಾಲದ ಹೊಗಳಿಕೆಯಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ವಿಜ್ಞಾನಿ ಎಲೀನರ್ ಮೆಗ್ವೈರ್ ಮತ್ತು ಅವರ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಚಾಲಕರ ಮಿದುಳಿನಲ್ಲಿ ಜಾಗಗಳ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿರುವುದು ಕಂಡುಬಂತು. ಹೆಚ್ಚು ವರ್ಷ ಟ್ಯಾಕ್ಸಿ ಓಡಿಸಿದವರಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ದಾರಿ ನೆನಪಿಡುವುದೂ ಒಂದು ವ್ಯಾಯಾಮ ಎಂಬುದನ್ನು ಇದು ನೆನಪಿಸುತ್ತದೆ.

ನಮ್ಮ ಮನೆಯ ನಿಯಮ

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ಹೊಸ ದಾರಿಗೆ ಹೋಗುವುದಾದರೆ ಹಿಂದಿನ ರಾತ್ರಿ ದೊಡ್ಡ ಪರದೆಯಲ್ಲಿ ನಕ್ಷೆ ನೋಡಬೇಕು. ಮಗ ಒಂದು ಹಾಳೆಯಲ್ಲಿ ದಾರಿಯ ಗೆರೆ ಎಳೆದು ನಾಲ್ಕು ವಿಷಯ ಗುರುತಿಸಬೇಕು. ತಿರುವುಗಳು ಎಲ್ಲಿ, ನೀರು ಎಲ್ಲಿ, ನೆರಳು ಎಲ್ಲಿ, ಅರ್ಧಕ್ಕೆ ಬಿಟ್ಟು ಬರಬೇಕಾದರೆ ಹತ್ತಿರದ ದೊಡ್ಡ ರಸ್ತೆ ಎಲ್ಲಿ. ಅದರ ಒಂದು ಪ್ರತಿ ಫ್ರಿಜ್ಜಿನ ಬಾಗಿಲ ಮೇಲೆ, ನನಗಾಗಿ. ಎಷ್ಟು ಗಂಟೆಯೊಳಗೆ ವಾಪಸ್ ಬರುತ್ತೇವೆ ಎಂಬುದನ್ನೂ ಅದರಲ್ಲಿ ಬರೆಯಬೇಕು. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಸವಾರಿ ಮುಗಿಯಬೇಕು. ತಲೆಗೆ ಹೆಲ್ಮೆಟ್, ಸೈಕಲ್ಲಿಗೆ ದೀಪ, ತಲೆಗೆ ಎರಡರಂತೆ ನೀರಿನ ಬಾಟಲಿ.

ಮ್ಯಾಪ್ ಇರುವ ಯಂತ್ರವನ್ನು ನಾವು ಇನ್ನೂ ಕೊಂಡಿಲ್ಲ. ಮಗ ದೊಡ್ಡವನಾಗಿ ಒಬ್ಬನೇ ದೂರದ ಸವಾರಿಗೆ ಹೊರಡುವ ದಿನ ಬಂದರೆ ಖಂಡಿತ ಕೊಳ್ಳುತ್ತೇವೆ. ಆ ದಿನ ಅದು ಆಡಂಬರವಲ್ಲ, ಅಗತ್ಯ. ಆದರೆ ಆಗಲೂ ಹಿಂದಿನ ರಾತ್ರಿಯ ಹಾಳೆ ತಪ್ಪುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ.

ಮುಂದಿನ ಪೋಷಕರ ಸಭೆಯಲ್ಲಿ ಆ ತಂದೆ ಮತ್ತೆ ಸಿಕ್ಕರು. ನಾನು ಅವರಿಗೆ ಮೂರು ಪ್ರಶ್ನೆ ಕೇಳಿದೆ. ಹುಡುಗ ಎಲ್ಲಿ ಸೈಕಲ್ ಹೊಡೆಯುತ್ತಾನೆ? ಯಾರ ಜೊತೆ? ದಾರಿ ತಪ್ಪಿದರೆ ಏನು ಮಾಡಬೇಕೆಂದು ಅವನಿಗೆ ಗೊತ್ತೇ? ಸೈಕಲ್ ಪಥದಲ್ಲಿ, ಸ್ನೇಹಿತರ ಜೊತೆ ಎಂದು ಮೊದಲೆರಡಕ್ಕೆ ಉತ್ತರಿಸಿದರು. ಮೂರನೆಯದಕ್ಕೆ ಸುಮ್ಮನಾದರು. ಆಮೇಲೆ ತಿಳಿಯಿತು, ಮ್ಯಾಪ್ ಇಲ್ಲದ ಯಂತ್ರವನ್ನೇ ಕೊಡಿಸಿ, ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ ಮತ್ತು ದೀಪ ತಂದರಂತೆ. ಈಗ ತಂದೆಯೂ ಮಗನೂ ಶುಕ್ರವಾರ ರಾತ್ರಿ ಕೂತು ಮ್ಯಾಪ್ ನೋಡುತ್ತಾರಂತೆ.

ಮಕ್ಕಳೇ, ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳುತ್ತಾರೆ. ದೇಶ ಸುತ್ತುವ ಮುನ್ನ ನಕ್ಷೆಯನ್ನೂ ಒಮ್ಮೆ ಕೋಶದಂತೆ ಓದಿ. ಈ ವಾರಾಂತ್ಯ ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿ ಬರೆಯಿರಿ. ಎಲ್ಲಿ ಪೆನ್ಸಿಲ್ ನಿಲ್ಲುತ್ತದೋ ಆ ಜಾಗವನ್ನು ಸೋಮವಾರ ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಬನ್ನಿ. ಬರೆದದ್ದನ್ನು ನನಗೆ ತಂದು ತೋರಿಸಿ, ನಾನು ಕಾಯುತ್ತಿರುತ್ತೇನೆ.

ನಿಮ್ಮೆಲ್ಲರ ಪ್ರಯಾಣ ಸುಖಕರವಾಗಲಿ.

- ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.